ಆಟಕ್ಕೆ ಭಾಷೆ ಬೇಡವೇ?

(ಗಡಿನಾಡ ಯುವಕರ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ನಮ್ಮ ಕಾಸರಗೋಡಿನ ಕನ್ನಡ ಶಾಲೆಗೆ ಕನ್ನಡ ಬಾರದ ಶಿಕ್ಷಕರು ಬಂದಾಗ ನಾವು ಗಣಿತ ಏನಾಗ್ತದೆ, ವಿಜ್ಞಾನ ಏನಾಗ್ತದೆ ಅಂತ ಕೇಳ್ತೇವೆ. ಆಟದ ಮಾಸ್ಟ್ರ ವಿಷಯ ಬಂದರೆ ಸುಮ್ಮನಾಗ್ತೇವೆ. "ಪಿಟಿಗೆ ಎಂತ ಭಾಷೆ ಮಾರಾಯ್ರೆ, ವಿಸಿಲ್ ಊದಿದರೆ ಆಯ್ತಲ್ಲ" ಅಂತ ನಾವೇ ಹೇಳಿದ್ದುಂಟು. ಅದು ತಪ್ಪು ಅಂತ ನಮಗೆ ಕಲಿಸಿದವ ಒಂದನೇ ಕ್ಲಾಸಿನ ಒಬ್ಬ ಹುಡುಗ.

ನಮ್ಮ ಗುಂಪಿನಲ್ಲಿ ದೈಹಿಕ ಶಿಕ್ಷಣ ಓದಿದವರು ಯಾರೂ ಇಲ್ಲ. ಬ್ಯಾಂಕು, ಅಂಗಡಿ, ತೋಟ ಅಂತ ಇರುವವರು. ಬಿಡುವಿದ್ದ ಶನಿವಾರ ಒಂದು ಕನ್ನಡ ಶಾಲೆಯ ಸಣ್ಣ ಮಕ್ಕಳನ್ನು ಆಡಿಸ್ಲಿಕ್ಕೆ ಹೋಗುತ್ತಿದ್ದೆವು. ಒಂದು ದಿನ ಕ್ರೀಡೋತ್ಸವದ ತಯಾರಿಗೆ ಹೊರಗಿನಿಂದ ಒಬ್ಬ ಮಾಸ್ಟ್ರು ಬಂದಿದ್ದರು. ಒಳ್ಳೆಯ ಮನುಷ್ಯ, ಕೆಲಸದಲ್ಲಿ ಚುರುಕು, ಆದರೆ ಕನ್ನಡ ಬಾರದು. ಅವರು ಏನು ಹೇಳಿದರೂ ಈ ಹುಡುಗ ಉಳಿದವರಿಗಿಂತ ಒಂದು ಗಳಿಗೆ ತಡ. "ಇವನ ಕೈಕಾಲು ಸ್ವಲ್ಪ ಮಂದ" ಅಂದರು. ನಾವೂ ತಲೆಯಾಡಿಸಿದೆವು. ಮುಂದಿನ ಸಲ ನಮ್ಮಲ್ಲೊಬ್ಬರು "ಎರಡೂ ಕಾಲು ಜೋಡಿಸಿ ಕುಪ್ಪಳಿಸಿ" ಅಂತ ಕನ್ನಡದಲ್ಲಿ ಹೇಳಿದಾಗ ಎಲ್ಲರಿಗಿಂತ ಮೊದಲು ಕುಪ್ಪಳಿಸಿದವ ಅವನೇ! ಅಷ್ಟು ದಿನ ಪಾಪ, ಪಕ್ಕದವರನ್ನು ನೋಡಿ ಅರ್ಥ ಮಾಡಿಕೊಳ್ತಿದ್ದ. ತಲೆಯಾಡಿಸಿದ ನಮಗೆ ಅವತ್ತು ನಾಚಿಕೆಯಾಯ್ತು.

ಸಣ್ಣ ಮಕ್ಕಳಿಗೆ ಬೇಕಾದ ಚಲನೆಗಳು ಮೂರು ಬಗೆ. ಒಂದು, ಜಾಗ ಬಿಟ್ಟು ಹೋಗುವುದು: ಓಡುವುದು, ನೆಗೆಯುವುದು, ಕುಂಟುವುದು, ತೆವಳುವುದು. ಎರಡು, ನಿಂತಲ್ಲೇ ಮೈಯ ಹಿಡಿತ: ಬಾಗುವುದು, ತಿರುಗುವುದು, ಒಂಟಿ ಕಾಲಲ್ಲಿ ನಿಲ್ಲುವುದು. ಮೂರು, ವಸ್ತುವಿನ ಮೇಲೆ ಹಿಡಿತ: ಎಸೆಯುವುದು, ಹಿಡಿಯುವುದು, ಒದೆಯುವುದು. ಮೂರರಿಂದ ಎಂಟು ವರ್ಷದೊಳಗೆ ಇವಕ್ಕೆ ಗಟ್ಟಿ ಬುನಾದಿ ಬೀಳಬೇಕು. ಮುಂದೆ ಕಬಡ್ಡಿ, ವಾಲಿಬಾಲ್, ಕ್ರಿಕೆಟ್ ಎಲ್ಲ ನಿಲ್ಲುವುದು ಇದರ ಮೇಲೆ.

"ಅದು ತನ್ನಷ್ಟಕ್ಕೆ ಬರ್ತದೆ" ಅಂತೀರಾ? ಓಟ ಬರ್ತದೆ. ಸರಿಯಾಗಿ ಎಸೆಯುವುದು ಎಲ್ಲರಿಗೂ ಬರುವುದಿಲ್ಲ. ಬಲಗೈಯಲ್ಲಿ ಎಸೆಯುವಾಗ ಎಡಗಾಲು ಮುಂದೆ ಬರಬೇಕು. ಯಾರೂ ಹೇಳಿಕೊಡದೆ ದೊಡ್ಡವರಾದ ಮೇಲೂ ಬಲಗಾಲೇ ಮುಂದಿಡುವವರಿದ್ದಾರೆ. ಚೆಂಡು ಬಂದರೆ ಸಣ್ಣ ಮಗು ಮುಖ ತಿರುಗಿಸಿ ಎದೆಗೆ ಅಪ್ಪಿಕೊಳ್ತದೆ. ಮೆತ್ತನೆ ಬಟ್ಟೆ ಚೆಂಡಿನಿಂದ ಶುರು ಮಾಡಿದರೆ ಹೆದರಿಕೆ ಹೋಗಿ ಕೈಗಳು ಮುಂದೆ ಬರ್ತವೆ. ನಮ್ಮ ತೆಂಕುತಿಟ್ಟಿನ ಧೀಂಗಿಣ ನೋಡಿದ್ದೀರಲ್ಲ? ಹಾರುವುದು ನಮಗೆ ಕಾಣ್ತದೆ. ಇಳಿಯುವುದು ಹೇಗೆ ಅಂತ ಗುರುಗಳು ತಿದ್ದಿ ತಿದ್ದಿ ಕಲಿಸಿರುತ್ತಾರೆ. ಮುರಕಲ್ಲಿನ ಅಂಗಳದಲ್ಲಿ ಆಡುವ ಮಗುವಿಗೂ "ಮೊಣಕಾಲು ಬಗ್ಗಿಸಿ ಮೆಲ್ಲ ಇಳಿ, ಸದ್ದು ಬರಬಾರದು" ಅಂತ ಯಾರಾದರೂ ಹೇಳಬೇಕು.

ಇದನ್ನೆಲ್ಲ ಹೇಳ್ಲಿಕ್ಕೆ ಭಾಷೆ ಬೇಕು. ಕುಂಟುವುದು ಒಂದು ಕಾಲಲ್ಲಿ, ಕುಪ್ಪಳಿಸುವುದು ಎರಡರಲ್ಲಿ. ಮೆಲ್ಲ, ಜೋರಾಗಿ, ಎತ್ತರಕ್ಕೆ, ಎಡಕ್ಕೆ, ಗೆಳೆಯನ ಹಿಂದೆ: ಮಗು ಈ ಮಾತುಗಳನ್ನು ಮೈಯಿಂದ ಕಲಿಯುತ್ತದೆ. ಮನೆಯಲ್ಲಿ ತುಳು, ಕೊಂಕಣಿ, ಮರಾಠಿ, ಮಲಯಾಳ ಆಡುವ ಮಕ್ಕಳೂ ನಮ್ಮ ಕನ್ನಡ ಶಾಲೆಗಳಲ್ಲಿದ್ದಾರೆ. ಪುಸ್ತಕಕ್ಕಿಂತ ಮೊದಲು ಅಂಗಳದಲ್ಲೇ ಅವರಿಗೆ ಕನ್ನಡ ಸಿಗ್ತದೆ. ಆಟದ ಪೀರಿಯಡ್ಡಿನಿಂದ ಕನ್ನಡ ಹೋದರೆ ಹೋಗುವುದು ಆಟ ಮಾತ್ರವಾ, ನೀವೇ ಹೇಳಿ.

ಕಾನೂನು ಏನು ಹೇಳ್ತದೆ? 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಆಟದ ಮೈದಾನ, ಆಟದ ಸಾಮಗ್ರಿ ಎರಡೂ ಉಂಟು. ದೈಹಿಕ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರ ಮಾತು ಬರುವುದು ಆರರಿಂದ ಎಂಟನೇ ತರಗತಿಗೆ, ಅದೂ ಮಕ್ಕಳು 100ಕ್ಕಿಂತ ಹೆಚ್ಚಿದ್ದರೆ. ಬುನಾದಿ ಬೀಳಬೇಕಾದ ಒಂದು, ಎರಡನೇ ತರಗತಿಗೆ ಆ ಮಾತೇ ಇಲ್ಲ. ಆದರೆ ಸಂವಿಧಾನದ 350ಎ ವಿಧಿ ಉಂಟು. ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸುವ ಸೌಕರ್ಯ ಒದಗಿಸ್ಲಿಕ್ಕೆ ರಾಜ್ಯಗಳು ಪ್ರಯತ್ನಿಸಬೇಕು ಅಂತ ಅದು ಹೇಳ್ತದೆ. ಅದು ಬಂದದ್ದು 1956ರಲ್ಲಿ, ನಾವು ಕೇರಳಕ್ಕೆ ಸೇರಿದ ವರ್ಷವೇ. ಆಟದ ಪೀರಿಯಡ್ ಇದಕ್ಕೆ ಹೊರತು ಅಂತ ಅದರಲ್ಲೆಲ್ಲೂ ಬರೆದಿಲ್ಲ.

ಆದ್ದರಿಂದ ಕೆಲಸ ಎರಡು. ಪಿಟಿಎ ಸಭೆಯಲ್ಲಿ ಎದ್ದು ನಿಂತು, ಕನ್ನಡ ವಿಭಾಗದ ಮಕ್ಕಳಿಗೆ ಕನ್ನಡ ಬಲ್ಲ ಆಟದ ಶಿಕ್ಷಕರು ಬೇಕು ಅಂತ ಕೇಳುವುದು, ಲಿಖಿತವಾಗಿ ಕೊಡುವುದು, ಕೊಟ್ಟದ್ದಕ್ಕೆ ರಶೀದಿ ತೆಗೆದುಕೊಳ್ಳುವುದು. ಇನ್ನೊಂದು, ಅದು ಆಗುವವರೆಗೆ ಕಾಯದೆ, ಹೆಡ್ಮಾಸ್ಟ್ರ ಒಪ್ಪಿಗೆ ಪಡೆದು ವಾರಕ್ಕೆ ಅರ್ಧ ಗಂಟೆ ನಾವೇ ಹೋಗುವುದು.

ಖರ್ಚು ಏನೂ ಇಲ್ಲ. ತೆಂಗಿನ ಹಗ್ಗ ನೆಲದ ಮೇಲೆ ಹಾಸಿದರೆ ನಡೆಯುವ ಗೆರೆ. ಅಡಿಕೆ ಹಾಳೆಯಲ್ಲಿ ಒಬ್ಬರು ಕೂತು ಒಬ್ಬರು ಎಳೆದರೆ ಸಮತೋಲನ. ಕುಂಟೆಬಿಲ್ಲೆ, ಲಗೋರಿ ನಮಗೆ ಗೊತ್ತೇ ಉಂಟು. ನಾವು ಮಾಡಿದ ತಪ್ಪು ಮಾತ್ರ ಮಾಡಬೇಡಿ. ಮೊದಲ ದಿನ ನಾವು ಓಟದ ಸ್ಪರ್ಧೆ ಇಟ್ಟು ಬಹುಮಾನ ಕೊಟ್ಟೆವು. ನಾಲ್ಕು ಮಕ್ಕಳು ಗೆದ್ದರು, ಉಳಿದವರು ಕೂತು ನೋಡಿದರು. ಔಟಾದವರು ಹೊರಗೆ ಕೂರುವ ಆಟದಲ್ಲಿ ಯಾರಿಗೆ ಅಭ್ಯಾಸ ಹೆಚ್ಚು ಬೇಕೋ ಅವರಿಗೇ ಕಡಿಮೆ ಸಿಗ್ತದೆ. ಒಂದು ಚೆಂಡಿಗೆ ಮೂವತ್ತು ಮಕ್ಕಳ ಸಾಲು ಬೇಡ. ಹಳೇ ಬಟ್ಟೆಯಲ್ಲಿ ಹದಿನೈದು ಚೆಂಡು ಕಟ್ಟಿ, ಇಬ್ಬರಿಗೊಂದು ಕೊಡಿ.

ತಾಳವಾಡಿ, ಅಕ್ಕಲಕೋಟೆ, ಮಡಕಶಿರಾದ ಗೆಳೆಯರೇ, ನಿಮ್ಮಲ್ಲಿ ಆಟದ ಹೆಸರು ಬೇರೆ ಇರಬಹುದು, ಎದುರಿನ ಭಾಷೆ ಬೇರೆ ಇರಬಹುದು. ನಿಮ್ಮೂರಿನ ಕನ್ನಡ ಶಾಲೆಯ ಅಂಗಳಕ್ಕೆ ಒಮ್ಮೆ ಹೋಗಿ ನೋಡಿ. ಎಲ್ಲರಿಗಿಂತ ಒಂದು ಗಳಿಗೆ ತಡವಾಗಿ ನೆಗೆಯುವ ಮಗು ಅಲ್ಲೂ ಇರ್ತದೆ. ಮಂದ ಅಂತ ಬರೆಯುವ ಮೊದಲು, ಅದಕ್ಕೆ ಗೊತ್ತಿರುವ ಮಾತಿನಲ್ಲಿ ಒಮ್ಮೆ ಹೇಳಿ ನೋಡಿ.