ಪೂರಿಗಾಲಿಯಲ್ಲಿ ಕುರುಕ್ಷೇತ್ರ



ನಾಟಕ ನೋಡಲು ಹೋಗುವುದು ಬೇರೆ, ನಾಟಕಕ್ಕೆ ಕರೆಸಿಕೊಂಡು ಹೋಗುವುದು ಬೇರೆ. ಕರೆಸಿಕೊಂಡು ಹೋದವನಿಗೆ ಮುಂದಿನ ಸಾಲಿನಲ್ಲಿ ಕುರ್ಚಿ ಸಿಕ್ಕುತ್ತದೆ, ಹೆಗಲಿಗೆ ಶಾಲು ಬೀಳುತ್ತದೆ. ನಡುವೆ ಎದ್ದು ಹೋಗುವ ಸ್ವಾತಂತ್ರ್ಯ ಮಾತ್ರ ಉಳಿಯುವುದಿಲ್ಲ. ಕಳೆದ ಸುಗ್ಗಿ ಮುಗಿದ ಮೇಲೆ ಮಳವಳ್ಳಿ ತಾಲ್ಲೂಕಿನ ಪೂರಿಗಾಲಿಗೆ ನಾನು ಹೋದದ್ದು ಈ ಎರಡನೆಯ ರೀತಿಯಲ್ಲಿ. ಊರಿನ ಯುವಕರು 'ಕುರುಕ್ಷೇತ್ರ' ಎಂಬ ಸಂಗೀತಮಯ ಪೌರಾಣಿಕ ನಾಟಕವನ್ನು ಆಡುವವರಿದ್ದರು. ಕರೆದವರು ನನ್ನ ಹಳೆಯ ವಿದ್ಯಾರ್ಥಿ, ಈಗ ಆ ಕಡೆಯಲ್ಲೇ ಮೇಷ್ಟ್ರು. ಅವರ ಮಗನದು ಕೃಷ್ಣನ ಪಾತ್ರ.

ಒಪ್ಪಿಕೊಳ್ಳುವಾಗ ನನ್ನಲ್ಲೊಂದು ಅಳುಕಿತ್ತು. ಅದರ ಕಾರಣವನ್ನು ಮೊದಲೇ ಹೇಳಿಬಿಡುವುದು ಮೇಲು. 1990ರ ದಶಕದಲ್ಲಿ ಈತ ಬಿ.ಎ. ಕೊನೆಯ ವರ್ಷದಲ್ಲಿದ್ದ. ಒಂದು ದಿನ ಪಾಠ ಮುಗಿಯುವ ಹೊತ್ತಿಗೆ ಎದ್ದು ನಿಂತು, ಊರಿನಲ್ಲಿ ನಾಟಕವಿದೆ, ತನಗೆ ಕೃಷ್ಣನ ಪಾತ್ರ ಬಂದಿದೆ, ಒಂದು ವಾರ ರಜ ಬೇಕು ಎಂದು ಕೇಳಿದ. ನಾನು ಆಗ ರನ್ನನ ಗದಾಯುದ್ಧವನ್ನು ಪಾಠ ಹೇಳುತ್ತಿದ್ದೆ. "ಇಲ್ಲಿ ರನ್ನ ಇದ್ದಾನೆ, ಅಲ್ಲಿ ಬೇಗಡೆಯ ಕಿರೀಟ ಇದೆ. ಯಾವುದು ಬೇಕೋ ಆರಿಸಿಕೊಳ್ಳಪ್ಪ" ಎಂದೆ. ತರಗತಿ ನಕ್ಕಿತು. ವಿನೋದವಾಗಿ ಮಾತನಾಡಿದೆನೆಂದು ನನಗೂ ಸಂತೋಷವೇ ಆಯಿತು. ಆತ ರಜ ಹಾಕಲಿಲ್ಲ. ಪಾತ್ರ ಬೇರೊಬ್ಬರ ಪಾಲಾಯಿತು. ಅನಂತರ ಆತ ಎಂದೂ ಬಣ್ಣ ಹಚ್ಚಲಿಲ್ಲವೆಂಬುದು ನನಗೆ ತಿಳಿದದ್ದು ಈ ಸಲ, ಅದೂ ಬೇರೆಯವರ ಬಾಯಿಂದ.

ನನ್ನ ಕಾಲದ ಕನ್ನಡ ಎಂ.ಎ.ಗಳಿಗೆ 'ಕಂಪನಿ ನಾಟಕ' ಎನ್ನುವುದು ಬಹುಮಟ್ಟಿಗೆ ಒಂದು ಬೈಗುಳವಾಗಿತ್ತು. ಕನ್ನಡದಲ್ಲಿ ದೊರೆತಿರುವ ಮೊದಲ ನಾಟಕ ಯಾವುದು ಎಂದರೆ, ಸಿಂಗರಾರ್ಯನ 'ಮಿತ್ರವಿಂದಾ ಗೋವಿಂದ', ಹದಿನೇಳನೆಯ ಶತಮಾನ, ಹರ್ಷನ ರತ್ನಾವಳಿಯ ಆಧಾರ ಎಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದೆವು. ಅದನ್ನು ಯಾರು ಆಡಿದರು, ಯಾರು ನೋಡಿದರು ಎಂದು ಕೇಳುವ ಚಪಲ ನಮಗಿರಲಿಲ್ಲ. 1843ರಲ್ಲಿ ಸಾಂಗಲಿಯಲ್ಲಿ ವಿಷ್ಣುದಾಸ ಭಾವೆಯವರು ಆಡಿಸಿದ ಸೀತಾಸ್ವಯಂವರದಿಂದ ಮರಾಠಿ ರಂಗಭೂಮಿ ಮೊದಲಾಯಿತೆಂದೂ, ಅದಕ್ಕೆ ಪ್ರೇರಣೆ ಕರ್ನಾಟಕದ ಕಡೆಯಿಂದ ಹೋದ ಭಾಗವತರ ಆಟವೆಂದೂ ಹೆಮ್ಮೆಯಿಂದ ಬರೆಯುತ್ತಿದ್ದೆವು. ಆ ಭಾಗವತರ ಮೊಮ್ಮಕ್ಕಳು ಪಕ್ಕದ ಹಳ್ಳಿಯಲ್ಲಿ ಹಾಡುತ್ತಿದ್ದರೆ ಮಾತ್ರ ಕಿಟಕಿ ಮುಚ್ಚಿಕೊಂಡು ಓದುತ್ತಿದ್ದೆವು. ಇನ್ನೂ ಒಂದು ಸೋಜಿಗವಿದೆ. 1972ರಲ್ಲಿ ಬೆಂಗಳೂರಿನ ಬಯಲು ರಂಗದಲ್ಲಿ ಬಿ.ವಿ. ಕಾರಂತರು ಕಂಬಾರರ 'ಜೋಕುಮಾರಸ್ವಾಮಿ'ಯನ್ನು ಆಡಿಸಿ, ಹಾಡನ್ನು ಹೊಸ ನಾಟಕಕ್ಕೆ ಮತ್ತೆ ಕರೆತಂದರು. ನಾವು ಓದುವ ಕಾಲಕ್ಕೆ ಆ ಪ್ರಯೋಗದ ಮಾತು ಎಲ್ಲರ ನಾಲಗೆಯ ಮೇಲಿತ್ತು. ಕಾರಂತರು ಹುಡುಗನಾಗಿದ್ದಾಗ ಮನೆ ಬಿಟ್ಟು ಹೋಗಿ ಸೇರಿದ್ದು ಗುಬ್ಬಿ ಕಂಪನಿಯನ್ನು. ಅವರ ಕಿವಿ ಹದಗೊಂಡದ್ದು ಅಲ್ಲಿ. ಅದನ್ನು ನಾವು ಅಡಿಟಿಪ್ಪಣಿಯಷ್ಟೇ ಆಗಿಸಿಕೊಂಡಿದ್ದೆವು.

ಇರಲಿ, ಪೂರಿಗಾಲಿಗೆ ಬರೋಣ. ಊರ ಮುಂದಿನ ಬಯಲಿನಲ್ಲಿ ರಂಗಸ್ಥಳ ಎದ್ದಿತ್ತು. ಬಾಡಿಗೆಗೆ ತಂದ ಸೀನರಿ ಪರದೆಗಳು, ಸಾಲು ದೀಪ, ಮೇಲಿಂದ ಇಳಿಬಿದ್ದ ಮೈಕುಗಳು. ರಸ್ತೆಯ ಬದಿಯ ಫ್ಲೆಕ್ಸಿನಲ್ಲಿ ಪಾಂಡವರೂ ಕೌರವರೂ ಕಪ್ಪು ಕನ್ನಡಕ ಹಾಕಿ ಒಟ್ಟಿಗೆ ನಗುತ್ತಿದ್ದರು. ಎಂಟು ಗಂಟೆಗೆಂದು ಸಾರಿದ್ದ ಆಟ ಹತ್ತಕ್ಕೂ ಏಳಲಿಲ್ಲ. ಆ ಬಿಡುವಿನಲ್ಲಿ ನನ್ನ ಶಿಷ್ಯರು ನಾಟಕದ ಒಳಗುಟ್ಟನ್ನು ವಿವರಿಸಿದರು.

ಇಲ್ಲಿ ನಟನಿಗೆ ಯಾರೂ ಹಣ ಕೊಡುವುದಿಲ್ಲ. ನಟನೇ ಪಾತ್ರಕ್ಕಿಷ್ಟು ಎಂದು ಹಣ ಕಟ್ಟುತ್ತಾನೆ. ಹಾರ್ಮೋನಿಯಂ ಮೇಷ್ಟ್ರ ಸಂಭಾವನೆ, ಪರದೆ, ಉಡುಪು, ದೀಪ ಎಲ್ಲ ಅದರಿಂದಲೇ. ಎಲ್ಲಕ್ಕಿಂತ ದುಬಾರಿಯದು ದುರ್ಯೋಧನನ ಪಾತ್ರ. ಧರ್ಮರಾಯ ಅಗ್ಗಕ್ಕೆ ಸಿಗುತ್ತಾನೆ. ಛಲಕ್ಕೆ ದುರ್ಯೋಧನನೇ ಎಂದು ಪಂಪ ಹೇಳಿದ್ದನ್ನು ಮೂವತ್ತು ವರ್ಷ ಪಾಠ ಮಾಡಿದವನು ನಾನು. ಅದೇ ತೀರ್ಪನ್ನು ಈ ಜನ ಕೈಯಿಂದ ಹಣ ತೆತ್ತು ಎತ್ತಿಹಿಡಿದಿದ್ದರು. ಹುಡುಗರಲ್ಲಿ ಮುಕ್ಕಾಲು ಮಂದಿ ಬೆಂಗಳೂರಿನಲ್ಲಿ ದುಡಿಯುವವರು. ದುರ್ಯೋಧನ ಅಲ್ಲಿ ಕಾರು ಓಡಿಸುತ್ತಾನೆ. ಶನಿವಾರ ರಾತ್ರಿ ಬಸ್ಸು ಹಿಡಿದು ಬಂದು, ಭಾನುವಾರವೆಲ್ಲ ಅಭ್ಯಾಸ ಮಾಡಿ ಹಿಂತಿರುಗುವುದು. ವಾರದ ಉಳಿದ ದಿನಗಳಲ್ಲಿ ಮೇಷ್ಟ್ರು ಫೋನಿಗೆ ಹಾಡಿ ಕಳಿಸಿದ ಮಟ್ಟುಗಳನ್ನು ಕೇಳಿ ಬಾಯಿಪಾಠ ಮಾಡುವುದು. ಹೀಗೆ ಐದು ತಿಂಗಳು. ದ್ರೌಪದಿ ಮಾತ್ರ ಸಂಬಳಕ್ಕೆ ಬಂದವರು, ಪಟ್ಟಣದ ವೃತ್ತಿಕಲಾವಿದೆ. ಆಕೆ ಅಭ್ಯಾಸಕ್ಕೆ ಬರುವುದಿಲ್ಲ. ಆ ಸಂಜೆಯೇ ಚೀಲ ಹಿಡಿದು ಬಂದು ಬಣ್ಣದ ಮನೆಗೆ ಹೋಗುತ್ತಾರೆ.

ಪರದೆ ಎದ್ದಿತು. ಗಣಪತಿಯ ಸ್ತುತಿಯಾಯಿತು. ಮೊದಲ ಎರಡು ಗಂಟೆ ನನಗೆ ಸುಖವಾಗಲಿಲ್ಲವೆಂದು ಒಪ್ಪಿಕೊಳ್ಳುತ್ತೇನೆ. ಮೈಕು ಕಿರುಚುತ್ತಿತ್ತು. ಶಕುನಿ ಅತಿಯಾಗಿ ನಕ್ಕ. ಬಂದವನೊಂದು ಹಾಡು, ಹೋಗುವವನೊಂದು ಹಾಡು. ಆದರೆ ಸುತ್ತಲಿದ್ದ ಜನ ಕದಲಲಿಲ್ಲ. ಮಂಟೇಸ್ವಾಮಿಯ ಮಠವಿರುವ ಬೊಪ್ಪೇಗೌಡನಪುರವೂ ಇದೇ ತಾಲ್ಲೂಕಿನಲ್ಲಿದೆಯೆಂಬುದು ಆಗ ನೆನಪಾಯಿತು. ನೀಲಗಾರರು ತಂಬೂರಿ ಹಿಡಿದು ರಾತ್ರಿಯೆಲ್ಲ ಕಥೆ ಹೇಳುವಾಗ ಮಾತು ಎಲ್ಲಿ ನಿಂತಿತು, ಹಾಡು ಎಲ್ಲಿ ಹಿಡಿಯಿತು ಎಂದು ಗೆರೆ ಎಳೆಯಲಾಗದು. ಅದನ್ನು ಕೇಳಿ ಬೆಳೆದ ಸೀಮೆಗೆ ಹಾಡಿನ ಹೆಚ್ಚಳ ಒಂದು ದೋಷವಾಗಿ ಕಾಣುವುದಾದರೂ ಹೇಗೆ?

ನಡುರಾತ್ರಿ ದಾಟಿದ ಮೇಲೆ ಸಂಧಾನದ ಹಿಂದಿನ ದೃಶ್ಯ ಬಂತು. ಮುಡಿ ಬಿಚ್ಚಿದ ದ್ರೌಪದಿ ಕೃಷ್ಣನನ್ನು ತಡೆದು ಕೇಳುತ್ತಾಳೆ. ಆಕೆ ಹಾಡಿ ನಿಲ್ಲಿಸಿದರು. ಕೃಷ್ಣ ಬಾಯಿ ತೆರೆದ. ಮಾತು ಬರಲಿಲ್ಲ. ಹಾರ್ಮೋನಿಯಂ ಅದೇ ಸ್ವರದಲ್ಲಿ ಒಂದು ಸುತ್ತು ಹೋಗಿ ಬಂತು. ಇನ್ನೊಂದು ಸುತ್ತು ಹೋಯಿತು. ಹುಡುಗನ ಕಣ್ಣು ಜನರ ಮೇಲೆ ನೆಟ್ಟುಹೋಗಿತ್ತು. ನನ್ನ ಹಿಂದೆ ಕುಳಿತಿದ್ದ ಮುದುಕಿಯೊಬ್ಬಳು, "ಹೇಳ್ಬುಡು ನನ್ನಪ್ಪ, ಹೆದರ್ಕಬ್ಯಾಡ" ಎಂದಳು. ಅದನ್ನು ದೇವರಿಗೆ ಹೇಳಿದಳೋ ಊರ ಹುಡುಗನಿಗೋ ತಿಳಿಯದು.

ನಾನು ಪಕ್ಕಕ್ಕೆ ತಿರುಗಿದೆ. ನನ್ನ ಶಿಷ್ಯರ ಕೈ ಕುರ್ಚಿಯ ಹಿಡಿಯನ್ನು ಅವುಚಿಕೊಂಡಿತ್ತು. ತುಟಿ ಅಲುಗುತ್ತಿತ್ತು. ಆ ಮಾತು, ಅದರ ಹಿಂದಿನ ಕಂದ, ಮುಂದಿನ ಹಾಡು ಎಲ್ಲವೂ ಅವರಿಗೆ ಬರುತ್ತಿತ್ತು. ಮುಂದಿನ ಸಾಲಿನಿಂದ ಕೂಗಿ ಹೇಳಿಕೊಡುವಂತಿರಲಿಲ್ಲ.

ಆಗ ದ್ರೌಪದಿ ಒಂದು ಹೆಜ್ಜೆ ಮುಂದೆ ಬಂದರು. ಅವಸರವಿಲ್ಲ. ಒಂದು ಆಲಾಪವನ್ನು ಎತ್ತಿ, ಮೇಲೆ ಒಯ್ದು, ಮೆಲ್ಲಗೆ ಇಳಿಸಿ, ಅಳುವಿನ ದನಿಯಲ್ಲೇ ಹೇಳಿದರು: "ಅಣ್ಣಾ, ಮೌನವೇಕೆ? ಸಂಧಿಗೆ ಹೋಗುವವನು ನಾನು, ಸಂಧಿಯನ್ನು ತರುವವನಲ್ಲ ಎಂದು ಮನಸ್ಸಿನಲ್ಲಿ ಅಂದುಕೊಳ್ಳುತ್ತಿರುವೆಯಲ್ಲವೆ?" ಹುಡುಗನ ಮುಖಕ್ಕೆ ರಕ್ತ ಬಂತು. "ಹೌದು ತಂಗೀ" ಎಂದವನು ಆ ಮಾತನ್ನೇ ಹಿಡಿದು ಹಾಡಿಗೆ ಏರಿದ. ಅಲ್ಲಿಯತನಕ ಒಪ್ಪಿಸುತ್ತಿದ್ದವನು ಆಮೇಲೆ ಹಾಡಿದ. ಬಯಲು ನಡುಗುವಂತೆ ಚಪ್ಪಾಳೆ ಬಿತ್ತು. ಆಕೆ ಮರೆಯನ್ನು ತುಂಬಿದ್ದೆಂದು ತಿಳಿದವರು ಆ ಜನರಲ್ಲಿ ಎಷ್ಟು ಮಂದಿಯೋ; ತಿಳಿಯದವರಿಗೆ ಅದಕ್ಕಿಂತ ಸೊಗಸಾದ ದೃಶ್ಯ ಇನ್ನೊಂದಿರಲಿಲ್ಲ. ನೋಡದ ಹುಡುಗ, ಅಭ್ಯಾಸವಿಲ್ಲದ ರಂಗ, ಸಂಜೆ ಬಂದು ಮುಂಜಾನೆ ಹೋಗುವ ಕೂಲಿ. ಆಕೆಯ ಆ ಎರಡು ನಿಮಿಷದ ಪಾಂಡಿತ್ಯಕ್ಕೆ ಯಾವ ಪದವಿಯಿದೆಯೋ ನಾನರಿಯೆ.

ಗುಬ್ಬಿ ಕಂಪನಿಯ ಕುರುಕ್ಷೇತ್ರದಲ್ಲಿ ನಿಜವಾದ ಆನೆ ಕುದುರೆಗಳೇ ರಂಗಕ್ಕೆ ಬರುತ್ತಿದ್ದವು. ಪೂರಿಗಾಲಿಯಲ್ಲಿ ಪರದೆಯ ಮೇಲೆ ಬರೆದ ರಥವೊಂದೇ ಸೈನ್ಯ. ನಾಲ್ಕೂವರೆಯ ಚಳಿಯಲ್ಲಿ ಗದಾಯುದ್ಧ ನಡೆಯಿತು. ತೊಡೆ ಮುರಿದು ಬಿದ್ದ ದುರ್ಯೋಧನ ಮಲಗಿದಂತೆಯೇ ಹಾಡಿ ಮುಗಿಸಿದ. 'ಒನ್ಸ್ ಮೋರ್' ಎಂಬ ಕೂಗೆದ್ದಿತು. ಅವನು ಮೊಣಕೈಯೂರಿ ಎದ್ದು ಎರಡನೆಯ ಸಲವೂ ಹಾಡಿದ. ಇದನ್ನು ರಸಾಭಾಸವೆಂದು ನಾನು ತರಗತಿಯಲ್ಲಿ ಎಷ್ಟು ಸಲ ಗೇಲಿ ಮಾಡಿಲ್ಲ! ಆ ಹೊತ್ತಿನಲ್ಲಿ ಮಾತ್ರ ಕೂಗಿದವರ ಮೇಲೆ ಸಿಟ್ಟು ಬರಲಿಲ್ಲ. ಹಾಡು ನಿಂತರೆ ಬೆಳಗಾಗುತ್ತದೆ, ಬೆಳಗಾದರೆ ಆ ಹುಡುಗ ಬೆಂಗಳೂರಿನ ಬಸ್ಸು ಹತ್ತುತ್ತಾನೆ. ಕೂಗಿದವರಲ್ಲಿ ಅವನ ತಾಯಿಯೂ ಇದ್ದಳೆಂದು ಆಮೇಲೆ ಕೇಳಿದೆ.

ಮಂಗಳವಾದ ಮೇಲೆ ಬಣ್ಣದ ಮನೆಗೆ ಹೋದೆವು. ಕೃಷ್ಣ ಎಣ್ಣೆ ಹಚ್ಚಿ ಮುಖ ಒರೆಸಿಕೊಳ್ಳುತ್ತಿದ್ದ. ದ್ರೌಪದಿ ಸೀರೆಗಳನ್ನು ಮಡಿಸಿ ಚೀಲಕ್ಕೆ ತುಂಬುತ್ತ, "ಹುಡುಗನ ಕಂಠ ಚೆನ್ನಾಗಿದೆ ಸಾರ್, ಬಿಡಬಾರದು" ಎಂದಷ್ಟೇ ಹೇಳಿದರು. ಆ ಮಾತನ್ನು ಅವರು ಹೇಳಿದ್ದು ತಂದೆಗೆ. ಹಿಂದೆ ನನ್ನ ತರಗತಿಯಲ್ಲಿ ನಡೆದದ್ದನ್ನು ಅಲ್ಲೇ ಎತ್ತಿ ಕ್ಷಮೆ ಕೇಳಬೇಕೆಂದು ನಾನು ಮಾತು ಜೋಡಿಸಿಕೊಳ್ಳುತ್ತಿದ್ದೆ. ನನ್ನ ಶಿಷ್ಯರು ಅವಕಾಶ ಕೊಡಲಿಲ್ಲ. "ನಡೀರಿ ಸಾರ್, ಮೊದಲ ಬಸ್ಸು ತಪ್ಪಿದರೆ ಬಿಸಿಲಾಗುತ್ತೆ" ಎಂದು ನನ್ನ ಚೀಲ ತೆಗೆದುಕೊಂಡರು.

ಕಟಾವಾದ ಗದ್ದೆಗಳ ನಡುವೆ ಮಂಜಿನ್ನೂ ಕರಗಿರಲಿಲ್ಲ. ಅವರು ಎರಡು ಮಾರು ಮುಂದೆ ನಡೆಯುತ್ತಿದ್ದರು. ಸ್ವಲ್ಪ ದೂರ ಹೋದ ಮೇಲೆ ಮೆಲುದನಿಯಲ್ಲಿ ಹಾಡತೊಡಗಿದರು. ಮಗ ಮರೆತ ಕಡೆಯಿಂದಲೇ ಹಿಡಿದರು. ಕಂದ, ಮಾತು, ಹಾಡು, ಎಲ್ಲ ಆದವು. ಎಲ್ಲಿಯೂ ತಡೆಯಲಿಲ್ಲ. ನಾನು ಹೆಜ್ಜೆಯನ್ನು ನಿಧಾನ ಮಾಡಿಕೊಂಡು ಹಿಂದೆಯೇ ಉಳಿದೆ.