ಎಕನಾಮಿಕ್ಸ್ ಮೇಷ್ಟ್ರು ಅಂಬೇಡ್ಕರ್

(ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ನಮ್ಮ ಊರುಗಳಲ್ಲಿ ನಿಂತಿರುವ ಬಾಬಾಸಾಹೇಬರ ಪ್ರತಿಮೆಯ ಕೈಯಲ್ಲಿ ಒಂದು ಪುಸ್ತಕ ಇರುತ್ತೆ. ಅದು ಸಂವಿಧಾನ ಅಂತ ಕೇರಿಯ ಚಿಕ್ಕ ಮಕ್ಕಳೂ ಹೇಳುತ್ತವೆ. ಸರಿ. ಆದರೆ ಸಂವಿಧಾನಕ್ಕಿಂತ ಕಾಲು ಶತಮಾನ ಮೊದಲೇ ಆ ಕೈ ಬೇರೆ ಪುಸ್ತಕಗಳನ್ನು ಬರೆದಿತ್ತು. ಒಂದು ರೂಪಾಯಿಯ ಬಗ್ಗೆ. ಇನ್ನೊಂದು ಸರ್ಕಾರದ ಖಜಾನೆಯ ಬಗ್ಗೆ. ಅದಕ್ಕೂ ಹಿಂದಿನ ಒಂದು ಲೇಖನ ತುಂಡು ಹೊಲಗಳ ಬಗ್ಗೆ. ಕೋರ್ಟಿಗೆ ಕರಿ ಕೋಟು ಹಾಕಿಕೊಂಡು ಹೋಗುವುದಕ್ಕೆ ಮೊದಲು ಅವರು ಕಾಲೇಜಿನಲ್ಲಿ ಎಕನಾಮಿಕ್ಸ್ ಪಾಠ ಮಾಡುತ್ತಿದ್ದ ಮೇಷ್ಟ್ರು. ಇವತ್ತು ನಾವು ಆ ಮೇಷ್ಟ್ರ ಬಗ್ಗೆ ಮಾತಾಡಬೇಕು.

ಯಾಕೆ ಅಂದ್ರೆ ನಮ್ಮ ಹಾಸ್ಟೆಲ್‌ಗಳಲ್ಲಿ ಎಕನಾಮಿಕ್ಸ್ ಅನ್ನೋದು ಬರೀ ಪಾಸು ಮಾಡ್ಕೊಳ್ಳೋ ಸಬ್ಜೆಕ್ಟಾಗಿದೆ. ಎಚ್‌ಇಪಿ ಸೀಟು ಸಿಕ್ಕಿತು, ಸೇರಿಕೊಂಡ್ವಿ. ಪರೀಕ್ಷೆಗೆ ಹದಿನೈದು ದಿನ ಇರುವಾಗ ಗೈಡು ತಂದು ಬೇಡಿಕೆ ರೇಖೆ, ಪೂರೈಕೆ ರೇಖೆ ಉರು ಹೊಡೆದ್ವಿ. ಪರೀಕ್ಷೆ ಮುಗಿದ ಸಂಜೆಯೇ ಗೈಡು ಜೂನಿಯರ್ ಕೈಗೆ. ದುಡ್ಡಿನ ವಿಚಾರ ದುಡ್ಡಿದ್ದವರಿಗೆ ಬಿಟ್ಟದ್ದು, ನಮಗೆ ಕವಿತೆ, ಹಾಡು, ಭಾಷಣ ಸಾಕು ಅನ್ನೋ ಒಂದು ಭಾವನೆ ನಮ್ಮಲ್ಲಿ ಒಳಗೊಳಗೇ ಬೆಳೆದುಬಿಟ್ಟಿದೆ. ಪದ್ಯ ಬರೆಯುವ ನಾವೇ ಈ ಮಾತು ಹೇಳುತ್ತಿದ್ದೇವೆ.

ಬಾಬಾಸಾಹೇಬರು ಓದಿದ್ದೇನು ನೋಡಿ. ಬರೋಡಾ ಮಹಾರಾಜ ಸಯಾಜಿರಾವ್ ಗಾಯಕವಾಡರ ಸ್ಕಾಲರ್‌ಶಿಪ್ ಮೇಲೆ 1913ರಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದರು. ಅಲ್ಲಿ ಅವರು ಆರಿಸಿಕೊಂಡ ಪಾಠಗಳಲ್ಲಿ ಅರ್ಥಶಾಸ್ತ್ರದವೇ 29. ಚರಿತ್ರೆ, ಸಮಾಜಶಾಸ್ತ್ರ, ತತ್ವಶಾಸ್ತ್ರ ಎಲ್ಲ ಅದರ ಮುಂದೆ ಕಮ್ಮಿ. 1915ರಲ್ಲಿ ಎಂ.ಎ. 1916ರ ಮೇ ತಿಂಗಳಲ್ಲಿ ಒಂದು ಸೆಮಿನಾರಿನಲ್ಲಿ ಜಾತಿ ಹೇಗೆ ಹುಟ್ಟಿತು ಅಂತ ಪ್ರಬಂಧ ಓದಿದರು. ಅದೇ ವರ್ಷ ಲಂಡನ್ನಿಗೆ ಹೋಗಿ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್ ಸೇರಿದರು. 1917ರಲ್ಲಿ ಸ್ಕಾಲರ್‌ಶಿಪ್ ಅವಧಿ ಮುಗಿಯಿತು. ಓದು ಅರ್ಧಕ್ಕೆ ನಿಂತಿತು. ಸ್ಕಾಲರ್‌ಶಿಪ್ ಕೊಟ್ಟ ಸಂಸ್ಥಾನದಲ್ಲಿ ಹತ್ತು ವರ್ಷ ಕೆಲಸ ಮಾಡಬೇಕು ಅನ್ನೋ ಕರಾರಿತ್ತು. ಬರೋಡಾಕ್ಕೆ ಬಂದರು.

ಬರೋಡಾದಲ್ಲಿ ನಡೆದದ್ದು ನಿಮಗೆಲ್ಲ ಗೊತ್ತಿರೋ ಕತೆ. ಹಿಂದೂ ಹೋಟೆಲಿನಲ್ಲಿ ಜಾಗ ಇಲ್ಲ. ಪಾರ್ಸಿ ಹೆಸರು ಹೇಳಿಕೊಂಡು ಒಂದು ಪಾರ್ಸಿ ವಸತಿಗೃಹದ ಮಹಡಿಯಲ್ಲಿ ಇದ್ದರು. ಹನ್ನೊಂದನೆಯ ದಿನ ಬಡಿಗೆ ಹಿಡಿದವರು ಮೆಟ್ಟಿಲು ಹತ್ತಿ ಬಂದರು. ಕೊಲಂಬಿಯಾದಲ್ಲಿ ಓದಿ ಬಂದ ಮನುಷ್ಯ ಪೆಟ್ಟಿಗೆ ಕಟ್ಟಿಕೊಂಡು ಉದ್ಯಾನದಲ್ಲಿ ಕೂತು ಅತ್ತರು. ಇದನ್ನು ನಾವು ಭಾಷಣಗಳಲ್ಲಿ ಹೇಳುತ್ತೇವೆ, ಕೇಳಿದವರ ಕಣ್ಣು ಒದ್ದೆಯಾಗುತ್ತೆ. ಆಮೇಲೆ ಮುಂಬಯಿಯಲ್ಲಿ ನಡೆದದ್ದನ್ನು ಯಾರೂ ಹೇಳೋದಿಲ್ಲ. ಮುಂಬಯಿಗೆ ಬಂದು ಅವರು ಷೇರು ವ್ಯಾಪಾರ ಮಾಡುವವರಿಗೆ ಸಲಹೆ ಕೊಡುವ ಒಂದು ಕಚೇರಿ ತೆಗೆದರು. ಗಿರಾಕಿಗಳು ಬರತೊಡಗಿದರು. ಸಲಹೆ ಕೊಡುತ್ತಿರುವವನು ಮಹಾರ ಅಂತ ಗೊತ್ತಾಗುತ್ತಲೇ ಬರುವುದು ನಿಂತಿತು.

ಇಲ್ಲಿ ಸ್ವಲ್ಪ ನಿಲ್ಲೋಣ. ಮಾರುಕಟ್ಟೆಗೆ ಜಾತಿ ಇಲ್ಲ, ದುಡ್ಡಿಗೆ ಮೈಲಿಗೆ ಇಲ್ಲ ಅಂತ ನಮ್ಮ ಗೈಡು ಹೇಳುತ್ತೆ. ಕೊಳ್ಳುವವನು, ಮಾರುವವನು, ನಡುವೆ ಬೆಲೆ, ಅಷ್ಟೇ ಅಂತೆ. ಆದರೆ ಸಲಹೆ ಒಳ್ಳೆಯದು, ಬೆಲೆ ಸರಿಯಾದದ್ದು, ಆದರೂ ಗಿರಾಕಿ ಎದ್ದು ಹೋದ. ಈ ಪಾಠವನ್ನು ಬಾಬಾಸಾಹೇಬರು ಯಾವ ಪ್ರೊಫೆಸರ್ ಹತ್ತಿರವೂ ಕಲಿಯಲಿಲ್ಲ. ಮುಂದೆ 1936ರಲ್ಲಿ 'ಜಾತಿ ವಿನಾಶ' ಬರೆಯುವಾಗ, ಹುಟ್ಟಿದಾಗಲೇ ಕಸುಬು ಗೊತ್ತು ಮಾಡಿಬಿಡುವ ಪದ್ಧತಿಯಲ್ಲಿ ಒಂದು ಕಸುಬು ಸತ್ತರೆ ಇನ್ನೊಂದಕ್ಕೆ ಹೋಗಲು ಬಿಡೋದಿಲ್ಲ, ನಿರುದ್ಯೋಗಕ್ಕೆ ಅದೂ ಒಂದು ಕಾರಣ ಅಂತ ವಾದ ಮಾಡಿದರು. ಜಾತಿಯನ್ನು ಬರೀ ಪಾಪ ಅಂತ ಬೈದವರು ಬಹಳ ಜನ ಇದ್ದರು. ಅದು ಹೊಟ್ಟೆಯ ಲೆಕ್ಕದಲ್ಲೂ ನಷ್ಟ ಅಂತ ಎಕನಾಮಿಕ್ಸ್ ಭಾಷೆಯಲ್ಲಿ ತೋರಿಸಿದವರು ಇವರು.

1918ರ ನವೆಂಬರಿನಲ್ಲಿ ಮುಂಬಯಿಯ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಕೆಲಸ ಸಿಕ್ಕಿತು. ಪೊಲಿಟಿಕಲ್ ಎಕಾನಮಿ ಪ್ರೊಫೆಸರ್. ಕೆಲಸ ತಾತ್ಕಾಲಿಕ, ಸಂಬಳ ತಿಂಗಳಿಗೆ 450 ರೂಪಾಯಿ. ಇವನೇನು ಪಾಠ ಮಾಡ್ತಾನೆ ಅಂತ ಮೊದಮೊದಲು ಹುಡುಗರು ಅಸಡ್ಡೆ ಮಾಡಿದರು. ಆಮೇಲೆ ಬೇರೆ ಕಾಲೇಜುಗಳ ಹುಡುಗರೂ ಬಂದು ಕೂತು ಕೇಳುವ ಹಾಗಾಯಿತು. ಹುಡುಗರು ಬದಲಾದರು, ಮೇಷ್ಟ್ರುಗಳು ಆಗಲಿಲ್ಲ. ಪ್ರೊಫೆಸರುಗಳ ಕೋಣೆಯಲ್ಲಿದ್ದ ನೀರಿನ ಪಾತ್ರೆಯನ್ನು ಇವರು ಮುಟ್ಟಬಾರದು ಅಂತ ಕೆಲವರು ತಕರಾರು ತೆಗೆದರು. ಒಂದೇ ಹಾಜರಿ ಪುಸ್ತಕ, ಒಂದೇ ಕರಿಹಲಗೆ, ನೀರು ಮಾತ್ರ ಬೇರೆ!

ಆ 450 ರೂಪಾಯಿ ಏನಾಯಿತು? ಪರೇಲಿನ ಚಾಳದ ಎರಡು ಕೋಣೆಯಲ್ಲಿ ಸಂಸಾರ. ರಮಾಬಾಯಿಯವರು ಕೈ ಬಿಗಿಹಿಡಿದು ಮನೆ ನಡೆಸಿದರು. ಉಳಿದದ್ದು ಲಂಡನ್ನಿಗೆ ವಾಪಸು ಹೋಗಲಿಕ್ಕೆ ಗಂಟು. 1920ರ ಮಾರ್ಚಿನಲ್ಲಿ ಕೆಲಸ ಬಿಟ್ಟರು. ಆ ಉಳಿತಾಯ, ಕೊಲ್ಹಾಪುರದ ಶಾಹು ಮಹಾರಾಜರ ಸಹಾಯ, ಪಾರ್ಸಿ ಗೆಳೆಯ ನವಲ್ ಭಥೇನಾ ಕೊಟ್ಟ 5,000 ರೂಪಾಯಿ ಸಾಲ, ಇವು ಸೇರಿ ಓದು ಮತ್ತೆ ಶುರುವಾಯಿತು. ಬಡಿಗೆ ಹಿಡಿದು ಬಂದವರೂ ಪಾರ್ಸಿಗಳು, ಸಾಲ ಕೊಟ್ಟವನೂ ಪಾರ್ಸಿ. ಇದನ್ನೂ ನಾವು ಮರೆಯಬಾರದು. ರಮಾಬಾಯಿಯವರ ಹೆಸರು ಮಾತ್ರ ಯಾವ ಡಿಗ್ರಿ ಪತ್ರದಲ್ಲೂ ಇಲ್ಲ.

1918ರಲ್ಲಿ ಭಾರತದ ಸಣ್ಣ ಹಿಡುವಳಿಗಳ ಬಗ್ಗೆ ಒಂದು ಲೇಖನ ಬರೆದರು. ನಮ್ಮ ಪ್ರಕಾರ ಕೇರಿಯಿಂದ ಬಂದ ಪ್ರತಿ ಹುಡುಗ, ಹುಡುಗಿ ಮೊದಲು ಓದಬೇಕಾದದ್ದು ಇದನ್ನೇ. ಆಗ ಪಂಡಿತರೆಲ್ಲ ಹೇಳುತ್ತಿದ್ದದ್ದು ಹೀಗೆ: ರೈತ ಬಡವ ಯಾಕೆ? ಹೊಲ ತುಂಡಾಗಿದೆ, ಅದಕ್ಕೆ. ತುಂಡುಗಳನ್ನು ಕೂಡಿಸಿ ದೊಡ್ಡದು ಮಾಡಿ, ಮತ್ತೆ ಒಡೆಯದ ಹಾಗೆ ಕಾನೂನು ತನ್ನಿ, ಬಡತನ ಹೋಗುತ್ತೆ. ಇಪ್ಪತ್ತೇಳರ ಈ ಮೇಷ್ಟ್ರು ಕೇಳಿದರು: ಹೊಲ ದೊಡ್ಡದು, ಚಿಕ್ಕದು ಅನ್ನೋದನ್ನು ಎಕರೆಯಲ್ಲಿ ಅಳೆಯೋದು ಹೇಗೆ? ದುಡಿಯುವ ಕೈ, ಎತ್ತು, ನೇಗಿಲು, ಬಂಡವಾಳ ಇವುಗಳ ಜೊತೆ ಹೊಲ ಹೊಂದಬೇಕು. ಬಂಡವಾಳ ಇದ್ದವನಿಗೆ ಸಣ್ಣ ಹೊಲವೂ ಲಾಭ ತರಬಹುದು. ನಮ್ಮ ಮಾತಲ್ಲಿ ಹೇಳೋದಾದ್ರೆ, ಎತ್ತಿಲ್ಲದವನಿಗೆ ಎರಡು ಎಕರೆಯೂ ಹೆಚ್ಚೇ. ಮುಖ್ಯ ರೋಗ ಬೇರೆ ಅಂದರು. ಬೇರೆ ಕೆಲಸ ಇಲ್ಲದೆ ಜನ ಎಲ್ಲ ಭೂಮಿಯ ಮೇಲೇ ಬಿದ್ದಿದ್ದಾರೆ. ಕೆಲಸ ಇಲ್ಲದ ಕೈಗಳೂ ಉಣ್ಣಲೇಬೇಕು. ಕೈಗಾರಿಕೆ ಬೆಳೆಸಿ ಆ ಕೈಗಳಿಗೆ ಕೆಲಸ ಕೊಡಿ, ಹೊಲದ ಭಾರ ತಾನೇ ಇಳಿಯುತ್ತೆ.

ಇದನ್ನು ನಮ್ಮ ಊರಿಗೆ ಹಚ್ಚಿ ನೋಡಿ. ದರಖಾಸ್ತಿನಲ್ಲಿ ನಮ್ಮವರಿಗೆ ಜಮೀನು ಸಿಕ್ಕ ಕತೆ ಎಲ್ಲರ ಮನೆಯಲ್ಲೂ ಇದೆ. ಸಿಕ್ಕಿದ್ದು ಹೆಚ್ಚಿನ ಕಡೆ ಕಲ್ಲುಗುಡ್ಡ, ಬೋರೆ. ಪಟ್ಟಾ ಕೊಟ್ಟರು. ಎತ್ತು ಕೊಡಲಿಲ್ಲ, ಬಾವಿ ತೋಡಿಸಲಿಲ್ಲ. ಮಗಳ ಮದುವೆಗೋ ಕಾಯಿಲೆಗೋ ಆ ಪಟ್ಟಾ ಊರಗೌಡನ ಪೆಟ್ಟಿಗೆ ಸೇರಿತು. ಹೀಗೆ ಕೈಬಿಟ್ಟು ಹೋಗುತ್ತಿದ್ದ ಜಮೀನು ಉಳಿಸಲಿಕ್ಕೆ 1978ರಲ್ಲಿ ಪರಭಾರೆ ನಿಷೇಧದ ಕಾನೂನೇ ತರಬೇಕಾಯಿತು. ಅದಕ್ಕೆ ಮೊದಲು, 1974ರಲ್ಲಿ, ಅರಸು ಸರ್ಕಾರ ಉಳುವವನೇ ಹೊಲದೊಡೆಯ ಅಂತು. ಅದು ದೊಡ್ಡ ಕೆಲಸ, ಅಲ್ಲ ಅನ್ನಲಾರೆವು. ಗೇಣಿದಾರರು ಅರ್ಜಿ ಹಾಕಿ ಒಡೆಯರಾದರು. ಆದರೆ ನಮ್ಮವರಲ್ಲಿ ಬಹಳ ಜನ ಗೇಣಿದಾರರೇ ಆಗಿರಲಿಲ್ಲ, ಕೂಲಿ ಆಳು, ಜೀತದಾಳು. ಏನಂತ ಅರ್ಜಿ ಹಾಕುತ್ತಾರೆ? ಬಾಬಾಸಾಹೇಬರು 1947ರಲ್ಲೇ ಈ ಮಾತು ಹೇಳಿದ್ದರು. ಹಿಡುವಳಿ ಕೂಡಿಸುವುದರಿಂದ, ಗೇಣಿ ಕಾನೂನಿನಿಂದ, ಭೂಮಿಯೇ ಇಲ್ಲದ ಆರು ಕೋಟಿ ಅಸ್ಪೃಶ್ಯರಿಗೆ ಏನೂ ಸಿಗೋದಿಲ್ಲ. ಭೂಮಿ ಸರ್ಕಾರದ್ದಾಗಲಿ, ಜಾತಿ ನೋಡದೆ ಊರಿನವರಿಗೆ ಕೊಡಲಿ, ಎಲ್ಲರೂ ಕೂಡಿ ಉಳಲಿ, ಬಂಡವಾಳ ಸರ್ಕಾರ ಹಾಕಲಿ, ಇದನ್ನು ಸಂವಿಧಾನದಲ್ಲೇ ಬರೆಯಿರಿ ಅಂದರು. ಬರೆಯಲಿಲ್ಲ. ಪ್ರತಿಮೆಯ ಕೈಯಲ್ಲಿರುವ ಪುಸ್ತಕದಲ್ಲಿ ಅವರು ಕೇಳಿದ ಆ ಪುಟ ಇಲ್ಲ. ಕೃಷಿಕರಲ್ಲದವರೂ ಕೃಷಿ ಭೂಮಿ ಕೊಳ್ಳಬಹುದು ಅಂತ 2020ರಲ್ಲಿ ಕರ್ನಾಟಕದ ಕಾನೂನು ತಿದ್ದಿದಾಗ ಆ ಪುಟ ಇನ್ನೂ ದೂರ ಹೋಯಿತು.

ಈಗ ರೂಪಾಯಿಗೆ ಬರೋಣ. ಇದು ಸ್ವಲ್ಪ ಕಷ್ಟ, ಆದರೂ ಕೇಳಿ. 1921ರಲ್ಲಿ ಲಂಡನ್ನಿನಲ್ಲಿ ಎಂ.ಎಸ್ಸಿ. ಮುಗಿಸಿದರು. 1922ರಲ್ಲಿ ರೂಪಾಯಿಯ ಸಮಸ್ಯೆಯ ಮೇಲೆ ಡಿ.ಎಸ್ಸಿ. ಪ್ರಬಂಧ ಕೊಟ್ಟರು. ಪರೀಕ್ಷಕರು ತಿದ್ದಿ ಬರೆಯಿರಿ ಅಂದರು. ತೀರ್ಮಾನ ಬದಲಿಸದೆ ಬರಹ ತಿದ್ದಿ ಕಳಿಸಿದರು, 1923ರಲ್ಲಿ ಪದವಿ ಬಂತು, ಪುಸ್ತಕವೂ ಬಂತು. ಅದಕ್ಕೆ ಮುನ್ನುಡಿ ಬರೆದ ಗುರು ಎಡ್ವಿನ್ ಕ್ಯಾನನ್, ಶಿಷ್ಯನ ಕೆಲವು ವಾದಗಳು ತಮಗೆ ಒಪ್ಪಿಗೆ ಇಲ್ಲ ಅಂತ ಅಲ್ಲೇ ಬರೆದು, ಆ ಹೊಸತನವನ್ನು ಮೆಚ್ಚಿಕೊಂಡರು. ಒಪ್ಪದ ಶಿಷ್ಯನನ್ನು ಮೆಚ್ಚುವ ಗುರು! ನಮ್ಮ ವಿಶ್ವವಿದ್ಯಾಲಯಗಳಲ್ಲಿ ಹುಡುಕಿ ನೋಡಿ.

ಆ ಪುಸ್ತಕದಲ್ಲಿ ಅವರು ಎದುರು ಹಾಕಿಕೊಂಡದ್ದು ಜಾನ್ ಮೇನಾರ್ಡ್ ಕೇನ್ಸ್ ಅವರ ವಾದವನ್ನು. ರೂಪಾಯಿಗೆ ಒಳನಾಡಿನಲ್ಲಿ ಚಿನ್ನ ಕೊಡಬೇಕಿಲ್ಲ, ಹೊರಗಿನ ವಿನಿಮಯ ದರ ನಿಂತರೆ ಸಾಕು, ಎಷ್ಟು ರೂಪಾಯಿ ಚಲಾವಣೆಗೆ ಬಿಡಬೇಕು ಅನ್ನೋದು ಸರ್ಕಾರದ ವಿವೇಕ. ಈ ಪದ್ಧತಿಯನ್ನು ಕೇನ್ಸ್ 1913ರ ತಮ್ಮ ಪುಸ್ತಕದಲ್ಲಿ ಹೊಗಳಿದ್ದರು. ಬಾಬಾಸಾಹೇಬರು ಒಪ್ಪಲಿಲ್ಲ. ಜನಕ್ಕೆ ಉತ್ತರ ಹೇಳಬೇಕಿಲ್ಲದ ಸರ್ಕಾರದ ಕೈಗೆ ನಾಣ್ಯದ ಬೀಗದ ಕೈ ಕೊಟ್ಟರೆ ರೂಪಾಯಿ ಹೆಚ್ಚಾಗುತ್ತೆ, ಬೆಲೆ ಏರುತ್ತೆ. ಬೆಲೆ ಏರಿದಷ್ಟು ಬೇಗ ಕೂಲಿ ಏರೋದಿಲ್ಲ. ಹಾಗಾಗಿ ರೂಪಾಯಿ ಮುದ್ರಿಸುವುದಕ್ಕೇ ಕಟ್ಟು ಹಾಕಿ, ಚಿನ್ನದ ನಾಣ್ಯ ತನ್ನಿ ಅಂದರು. ಚಿನ್ನದ ನಾಣ್ಯದ ಮಾತನ್ನು ಇವತ್ತು ಯಾವ ದೇಶವೂ ಕೇಳೋದಿಲ್ಲ, ಅದು ಹೋಗಲಿ. ಕೂಲಿಯ ಮಾತು ಹೋಗಿಲ್ಲ.

1925ರ ಡಿಸೆಂಬರಿನಲ್ಲಿ ಹಿಲ್ಟನ್ ಯಂಗ್ ಆಯೋಗದ ಮುಂದೆ ಸಾಕ್ಷಿ ಹೇಳುವಾಗಲೂ ಅದೇ ಪ್ರಶ್ನೆ. ರೂಪಾಯಿಯ ಬೆಲೆ 1 ಷಿಲಿಂಗ್ 4 ಪೆನ್ಸ್ ಇರಬೇಕೋ, 1 ಷಿಲಿಂಗ್ 6 ಪೆನ್ಸ್ ಇರಬೇಕೋ ಅಂತ ದೇಶದಲ್ಲಿ ದೊಡ್ಡ ಜಗಳ. ಮುಂಬಯಿಯ ಗಿರಣಿ ಮಾಲೀಕರು ಕಡಿಮೆ ದರ ಕೇಳುತ್ತಿದ್ದರು, ದೇಶದ ಹಿತ ಅದೇ ಅನ್ನುತ್ತಿದ್ದರು. ರೂಪಾಯಿ ಅಗ್ಗವಾದರೆ ಹೊರಗೆ ಮಾರುವವನಿಗೆ ಲಾಭ, ನಿಜ. ಆ ಲಾಭ ಆಕಾಶದಿಂದ ಬೀಳೋದಿಲ್ಲವಲ್ಲ? ಬೆಲೆ ಏರಿಯೂ ಕೂಲಿ ಏರದ ದುಡಿಯುವವನ ಜೇಬಿಂದ ಬಂದದ್ದು ಅದು ಅಂತ ಬಾಬಾಸಾಹೇಬರು ತೋರಿಸಿದರು. ದೇಶಕ್ಕೆ ಲಾಭ ಅಂದಾಗ ದೇಶದಲ್ಲಿ ಯಾರಿಗೆ ಅಂತ ಕೇಳಿದ ಮೇಷ್ಟ್ರು ಇವರು.

ಒಂದು ಮಾತು. ರಿಸರ್ವ್ ಬ್ಯಾಂಕ್ ಕಟ್ಟಿದ್ದೇ ಬಾಬಾಸಾಹೇಬರು ಅಂತ ನಮ್ಮ ವೇದಿಕೆಗಳಲ್ಲಿ ಹೇಳುವುದುಂಟು. ಕೇಂದ್ರ ಬ್ಯಾಂಕು ಬೇಕು ಅಂತ ಶಿಫಾರಸು ಮಾಡಿದ್ದು ಆ ಆಯೋಗ, ಬ್ಯಾಂಕು ಶುರುವಾದದ್ದು 1935ರಲ್ಲಿ. ಆಯೋಗದ ಮುಂದೆ ಮಾತಾಡಿದ ಹಲವರಲ್ಲಿ ಬಾಬಾಸಾಹೇಬರೂ ಒಬ್ಬರು. ಅವರಿಗೆ ನಾವು ಇಲ್ಲದ ಕಿರೀಟ ತೊಡಿಸಬೇಕಾಗಿಲ್ಲ. ಕೂಲಿಯವನ ಪರ ಆಡಿದ ಆ ಮಾತೇ ಸಾಕು, ಅದನ್ನು ಓದದೆ ಬ್ಯಾಂಕಿನ ಕತೆ ಹೇಳುತ್ತಾ ಹೋಗೋದು ಸೋಮಾರಿತನ.

1925ರಲ್ಲಿ ಬಂದ ಪ್ರಾಂತೀಯ ಹಣಕಾಸಿನ ಪುಸ್ತಕ, ಅವರ ಕೊಲಂಬಿಯಾ ಪಿಎಚ್.ಡಿ.ಯದ್ದು, ಸಯಾಜಿರಾಯರಿಗೆ ಅರ್ಪಣೆ. ಕೇಂದ್ರ ಸರ್ಕಾರ ಪ್ರಾಂತಗಳಿಗೆ ದುಡ್ಡು ಹಂಚುವ ಪದ್ಧತಿ 1871ರಿಂದ ಹೇಗೆ ಹೇಗೆ ಬದಲಾಯಿತು ಅಂತ ಅದರಲ್ಲಿದೆ. ಒಣ ವಿಷಯ ಅಂತ ಮುಚ್ಚಿಡಬೇಡಿ. ಕರ್ನಾಟಕದಲ್ಲಿ 2013ರಲ್ಲಿ ನಮ್ಮ ಪಾಲಿನ ಉಪಯೋಜನೆ ದುಡ್ಡಿಗೆ ಕಾಯಿದೆ ಬಂತು. ಅದರ ಒಳಗೇ 7ಡಿ ಅಂತ ಒಂದು ಕಲಮು ಕೂತಿತ್ತು. ಎಲ್ಲರಿಗೂ ಆಗುವ ಕಾಮಗಾರಿಗೆ ಖರ್ಚು ಮಾಡಿ, ಅದರಲ್ಲಿ ಒಂದು ಪಾಲನ್ನು ದಲಿತರ ಲೆಕ್ಕಕ್ಕೆ ಬರೆದುಕೊಳ್ಳಲು ಅದು ದಾರಿ. ಆ ಕಲಮು ಕಿತ್ತುಹಾಕಲು ಹತ್ತು ವರ್ಷ, 2023 ಬರಬೇಕಾಯಿತು. ಬಜೆಟ್ ಓದುವ ನಾಲ್ಕು ಹುಡುಗರು ಪ್ರತಿ ಹಾಸ್ಟೆಲಿನಲ್ಲಿ ಇದ್ದಿದ್ದರೆ ಹತ್ತು ವರ್ಷ ಹಿಡಿಯುತ್ತಿತ್ತೇ?

ಆಮೇಲೆ ಮೇಷ್ಟ್ರು ಕಾನೂನಿನ ಕಡೆ ಹೋದರು. ಮುಂಬಯಿ ಸರ್ಕಾರಿ ಲಾ ಕಾಲೇಜಿನಲ್ಲಿ 1928ರಲ್ಲಿ ಪ್ರೊಫೆಸರ್, 1935ರಲ್ಲಿ ಪ್ರಿನ್ಸಿಪಾಲ್. ಮಹಾಡಿನ ಕೆರೆಯ ನೀರು 1927ರಲ್ಲೇ ಕರೆದಿತ್ತು, ಎಕನಾಮಿಕ್ಸ್ ತರಗತಿಗೆ ಮರಳಲು ಆಗಲಿಲ್ಲ. ಆದರೂ ತಾವೇ ಕಾಲೇಜುಗಳನ್ನು ತೆರೆದರು. 1946ರಲ್ಲಿ ಮುಂಬಯಿಯಲ್ಲಿ ಸಿದ್ಧಾರ್ಥ ಕಾಲೇಜು, 1950ರಲ್ಲಿ ಔರಂಗಾಬಾದಿನಲ್ಲಿ ಮಿಲಿಂದ್. ಆ ಮಿಲಿಂದ್ ಕಾಲೇಜಿನಲ್ಲಿ ಓದಿದ ಸುಖದೇವ್ ಥೋರಟ್ ದೆಹಲಿಯ ಜೆಎನ್‌ಯುದಲ್ಲಿ ಎಕನಾಮಿಕ್ಸ್ ಪ್ರೊಫೆಸರಾದರು, 2006ರಿಂದ 2011ರವರೆಗೆ ಯುಜಿಸಿ ಅಧ್ಯಕ್ಷರೂ ಆಗಿದ್ದರು. 2007ರಲ್ಲಿ ಪಾಲ್ ಅಟ್ವೆಲ್ ಎಂಬುವರ ಜೊತೆ ಸೇರಿ ಒಂದು ಅಧ್ಯಯನ ಪ್ರಕಟಿಸಿದರು. ಖಾಸಗಿ ಕಂಪನಿಗಳ 548 ಜಾಹೀರಾತುಗಳಿಗೆ 4,808 ಅರ್ಜಿ ಕಳಿಸಿದರು. ಓದು ಒಂದೇ, ಹೆಸರು ಮಾತ್ರ ಬೇರೆ. ಮೇಲ್ಜಾತಿ ಹೆಸರಿಗಿಂತ ದಲಿತ ಹೆಸರಿಗೆ ಕರೆ ಬರುವ ಸಾಧ್ಯತೆ ಮೂರನೇ ಒಂದು ಭಾಗದಷ್ಟು ಕಮ್ಮಿ, ಮುಸ್ಲಿಂ ಹೆಸರಿಗೆ ಇನ್ನೂ ಕಮ್ಮಿ. ಮುಂಬಯಿಯ ಷೇರು ಕಚೇರಿಯಿಂದ ಎದ್ದು ಹೋದ ಗಿರಾಕಿ ತೊಂಬತ್ತು ವರ್ಷದ ಮೇಲೆ ಲೆಕ್ಕಕ್ಕೆ ಸಿಕ್ಕಿಬಿದ್ದ.

ಮುಂದಿನ ಸಭೆಗೆ ಸಣ್ಣ ಹಿಡುವಳಿಯ ಲೇಖನ ಓದೋಣ. ಬರುವಾಗ ಪ್ರತಿಯೊಬ್ಬರೂ ನಿಮ್ಮ ಕೇರಿಯ ಹತ್ತು ಮನೆಗಳ ಲೆಕ್ಕ ಬರೆದು ತನ್ನಿ. ಪಹಣಿ ಯಾರ ಹೆಸರಲ್ಲಿದೆ, ಎಷ್ಟು ಎಕರೆ, ನೀರಿದೆಯೇ, ಎತ್ತಿದೆಯೇ, ಹೆಂಗಸರಿಗೆ ಕೂಲಿ ಎಷ್ಟು, ಗಂಡಸರಿಗೆ ಎಷ್ಟು, ವರ್ಷದಲ್ಲಿ ಎಷ್ಟು ದಿನ ಕೆಲಸ, ಸಾಲ ಯಾರ ಹತ್ತಿರ, ಬಡ್ಡಿ ಎಷ್ಟು. ಅವ್ವಂದಿರನ್ನು ಕೇಳಿ, ಅವರಿಗೆ ಬಡ್ಡಿ ಲೆಕ್ಕ ಬಾಯಲ್ಲೇ ಇರುತ್ತೆ. ಕಾಗದ, ಪೆನ್ಸಿಲ್ ನಾವು ತರುತ್ತೇವೆ.

ಜೈ ಭೀಮ್.