ಹಬ್ಬಕ್ಕೆ ಊರಿಗೆ ಹೊರಡುವ ಮುನ್ನ
(ರೋಗಿಗಳು ಮತ್ತು ಅವರ ಕಡೆಯವರಿಗಾಗಿ ನೀಡಿದ ಭಾಷಣ)



2020ರ ಯುಗಾದಿ ಮಾರ್ಚ್ 25ರಂದು ಬಂತು. ದೇಶದಲ್ಲೆಲ್ಲ ಲಾಕ್‌ಡೌನ್ ಶುರುವಾದದ್ದೂ ಅಂದೇ. ಮುಂದಿನ ಹಬ್ಬಗಳಲ್ಲೂ ಅನೇಕ ಮನೆಗಳಲ್ಲಿ ಒಂದೇ ಜಗಳ. “ವಯಸ್ಸಾದ ಅಪ್ಪ ಅಮ್ಮ ಇಬ್ಬರೇ ಇದ್ದಾರೆ, ಹೋಗಲೇಬೇಕು” ಎಂದು ಒಬ್ಬರು, “ನಾವೇ ರೋಗ ಹೊತ್ತುಕೊಂಡು ಹೋದರೆ?” ಎಂದು ಇನ್ನೊಬ್ಬರು. ಎರಡೂ ಪ್ರೀತಿಯ ಮಾತೇ. ಅದಕ್ಕಾಗಿ ಅಣ್ಣತಮ್ಮಂದಿರು ಮಾತು ಬಿಡಬಾರದು.

“ನಮಗೆ ಜ್ವರವಿಲ್ಲ” ಎಂದರೆ ಸಾಲದು. ಕೊರೋನಾ ಸೋಂಕು ತಗುಲಿ ಲಕ್ಷಣ ಕಾಣಲು 14 ದಿನದವರೆಗೂ ಹಿಡಿಯಬಹುದು. ಕಾಣುವ ಒಂದೆರಡು ದಿನ ಮೊದಲೇ ಅದು ಹರಡಬಲ್ಲದು. ವಯಸ್ಸಾದವರಿಗೆ, ಸಕ್ಕರೆ ಕಾಯಿಲೆ ಇರುವವರಿಗೆ ಅಪಾಯ ಹೆಚ್ಚು.

ಕೊರೋನಾ, ಫ್ಲೂ ಇಂದಿಗೂ ಇವೆ. ಗೂಳೂರು ಗಣೇಶನ ಜಾತ್ರೆಗೆ ಬರುವವರೂ ಇದನ್ನು ನೆನಪಿಡಿ. ಕೆಮ್ಮು, ನೆಗಡಿ ಇದ್ದರೆ ಪ್ರಯಾಣ ಮುಂದೂಡಿ. ಬಂದವರು ಹಿರಿಯರೊಡನೆ ಜಗಲಿಯಲ್ಲಿ, ಗಾಳಿಯಾಡುವ ಕಡೆ ಕೂತು ಮಾತನಾಡಿ. ಬರಲಾಗದವರು ದಿನವೂ ಫೋನ್ ಮಾಡಿ, ಮಾತ್ರೆ ಮುಗಿದಿದೆಯೇ ಎಂದು ವಿಚಾರಿಸಿ. ಹಿರಿಯರು ಹಾಸಿಗೆ ಹಿಡಿದಿದ್ದರೆ ಮಾತ್ರ ಆರೋಗ್ಯವಾಗಿರುವ ಒಬ್ಬರು ಮಾಸ್ಕ್ ಹಾಕಿಕೊಂಡು ಹೋಗಲೇಬೇಕು.

ಎಲ್ಲಕ್ಕಿಂತ ಮೊದಲು ಅವರನ್ನೇ ಕೇಳಿ: “ಅಮ್ಮಾ, ನಿನಗೆ ಏನು ಇಷ್ಟ?” ನಾವು ಜಗಳವಾಡುವುದು ಅವರಿಗಾಗಿಯೇ ಅಲ್ಲವೇ?